ಮಗಳು ಬದುಕಿದಳು, ನಂಬಿಕೆ ಉಳಿಯಲಿಲ್ಲ: ಬೆಸೆಂಟ್ ನಗರಕ್ಕೆ ಹೆಸರು ಕೊಟ್ಟ ಆನಿ

ಚೆನ್ನೈ: ಪ್ರತಿವರ್ಷ ಆಗಸ್ಟ್ 29ರಂದು ಬೆಸೆಂಟ್ ನಗರದ ಅನ್ನೈ ವೇಲಾಂಗಣಿ ಚರ್ಚ್‌ನಲ್ಲಿ ಧ್ವಜ ಏರುತ್ತದೆ. ಸೆಪ್ಟೆಂಬರ್ 8ರವರೆಗೆ ಕಾವಿ ತೊಟ್ಟು, ಬರಿಗಾಲಲ್ಲಿ ನಡೆದು ಬರುವವರ ಸಾಲು. ಕಾಯಿಲೆ ವಾಸಿಯಾಯಿತೆಂದು ಆರೋಗ್ಯ ಮಾತೆಗೆ ಹರಕೆ ತೀರಿಸಲು ಬರುವ ತಾಯಂದಿರೂ ಇದ್ದಾರೆ. ಈ ಬಡಾವಣೆಗೆ ಹೆಸರು ಕೊಟ್ಟ ತಾಯಿಯ ಕಥೆ ಮಾತ್ರ ಬೇರೆ.

1847ರಲ್ಲಿ ಲಂಡನ್‌ನಲ್ಲಿ ಹುಟ್ಟಿದ ಆನಿ, ಇಪ್ಪತ್ತರ ವಯಸ್ಸಿಗೆ ಪಾದ್ರಿ ಫ್ರಾಂಕ್ ಬೆಸೆಂಟ್ ಅವರನ್ನು ಮದುವೆಯಾದರು. 1871ರಲ್ಲಿ ಹಸುಳೆ ಮೇಬಲ್‌ಗೆ ನಾಯಿಕೆಮ್ಮು. ಮಗು ಉಳಿಯುವುದಿಲ್ಲ ಎಂದೇ ವೈದ್ಯರು ಹೇಳಿದ್ದರು. ವಾರಗಟ್ಟಲೆ ಹಗಲೂ ರಾತ್ರಿ ಮಡಿಲಲ್ಲಿಟ್ಟುಕೊಂಡು ಕಾದರು. ಮೇಬಲ್ ಬದುಕಿದಳು. ಆದರೆ ತಾಯಿಯ ಮನಸ್ಸಿನಲ್ಲಿ ಉಳಿದದ್ದು ಕೃತಜ್ಞತೆಯಲ್ಲ, ಪ್ರಶ್ನೆ: ಏನೂ ಅರಿಯದ ಕೂಸನ್ನು ದೇವರು ಹೀಗೇಕೆ ನರಳಿಸಿದ? ಪಾದ್ರಿಯ ಹೆಂಡತಿಯಾಗಿದ್ದೂ ಪ್ರಭುಭೋಜನ ಸ್ವೀಕರಿಸುವುದನ್ನು ಬಿಟ್ಟರು. 1873ರಲ್ಲಿ ಗಂಡನಿಂದ ದೂರವಾದರು. 1878ರಲ್ಲಿ, ಅವರ ನಾಸ್ತಿಕತೆಯನ್ನೂ ಕಾರಣವಾಗಿಟ್ಟು, ನ್ಯಾಯಾಲಯ ಅದೇ ಮೇಬಲ್‌ಳನ್ನು ತಂದೆಗೆ ಒಪ್ಪಿಸಿತು.

ನಮ್ಮ ಪಠ್ಯಪುಸ್ತಕಗಳಲ್ಲಿ ಇದು ಸಿಗುವುದಿಲ್ಲ. ಅಲ್ಲಿರುವುದು 1916ರ ಹೋಂ ರೂಲ್, 1917ರ ಕಾಂಗ್ರೆಸ್ ಅಧ್ಯಕ್ಷೆ. 1889ರಲ್ಲಿ ಥಿಯಾಸಫಿಗೆ ಒಲಿದ ಆನಿ, 1893ರಲ್ಲಿ ಭಾರತಕ್ಕೆ ಬಂದರು. ಕ್ರಿಸ್ತನನ್ನೂ ಪೂರ್ತಿ ಬಿಡಲಿಲ್ಲ. ಕ್ರೈಸ್ತ ಧರ್ಮದ ಒಳಾರ್ಥ ಹುಡುಕುವ ಪುಸ್ತಕವನ್ನು 1901ರಲ್ಲಿ ಬರೆದರು. ದೊಡ್ಡವಳಾದ ಮೇಬಲ್ ತಾನಾಗಿಯೇ ತಾಯಿಯ ಬಳಿಗೆ ಮರಳಿದ್ದಳು. 1933ರ ಸೆಪ್ಟೆಂಬರ್ 20ರಂದು, ಈ ಬಡಾವಣೆಗೆ ಹತ್ತಿರದ ಅಡ್ಯಾರ್‌ನಲ್ಲಿ ಆನಿ ಕಣ್ಮುಚ್ಚಿದರು.