ದೂರದ ನೋವಿಗೆ ಮಿಡಿದ ಮಹಾತ್ಮ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಿಗೆ ಇಂದು ಜಿಲ್ಲಾ ಕೇಂದ್ರವಾಗಿರುವ ದಾವಣಗೆರೆಗೆ 1934ರ ಮಾರ್ಚ್ ಆರಂಭದಲ್ಲಿ ಮಹಾತ್ಮ ಗಾಂಧೀಜಿಯವರು ಆಗಮಿಸಿದ್ದರು. ಅಸ್ಪೃಶ್ಯತಾ ನಿವಾರಣೆಗಾಗಿ 1933ರ ನವೆಂಬರಿನಲ್ಲಿ ವಾರ್ಧಾದಿಂದ ಅವರು ಕೈಗೊಂಡ ಹರಿಜನ ಯಾತ್ರೆಯ ಹಾದಿಯಲ್ಲಿ ಈ ಊರೂ ಸೇರಿತ್ತು. ಆ ದಿನಗಳಲ್ಲಿ ಅವರ ಮನಸ್ಸನ್ನು ಮತ್ತೊಂದು ದುಃಖವೂ ಆವರಿಸಿತ್ತು.

1934ರ ಜನವರಿ 15ರ ಮಧ್ಯಾಹ್ನ ಬಿಹಾರ ಮತ್ತು ನೇಪಾಳಗಳಲ್ಲಿ ಭೀಕರ ಭೂಕಂಪ ಸಂಭವಿಸಿತು. ಬಿಹಾರವೊಂದರಲ್ಲೇ ಏಳು ಸಾವಿರಕ್ಕೂ ಹೆಚ್ಚು ಜನ ಅಸುನೀಗಿದರು. ಮುಂಗೇರ್ ಪಟ್ಟಣ ನೆಲಸಮವಾಯಿತು. ಭೂಮಿ ಬಿರಿದು ಉಕ್ಕಿದ ಮರಳು ಹೊಲಗಳನ್ನು ಮುಚ್ಚಿತು, ಬಾವಿಗಳು ಹೂತುಹೋದವು. ಸೆರೆವಾಸದಿಂದ ಬಿಡುಗಡೆ ಹೊಂದಿದ ಬಾಬು ರಾಜೇಂದ್ರ ಪ್ರಸಾದರು, ಅನಾರೋಗ್ಯವನ್ನೂ ಲೆಕ್ಕಿಸದೆ ಪರಿಹಾರ ಕಾರ್ಯದ ನೇತೃತ್ವ ವಹಿಸಿದರು. ದಕ್ಷಿಣದ ಪ್ರವಾಸದಲ್ಲಿದ್ದ ಗಾಂಧೀಜಿ, ತಾವು ಹೋದೆಡೆಯಲ್ಲಿ ಬಿಹಾರದ ಸಂತ್ರಸ್ತರಿಗಾಗಿ ಮನವಿ ಮಾಡಿದರು. ಎಂದೂ ಕಾಣದ ಜನರಿಗಾಗಿ ಕೈ ಬಿಚ್ಚಿ ಕೊಡುವುದನ್ನು ಅವರು ಧರ್ಮದ ಕರ್ತವ್ಯವೆಂದೇ ಬಗೆದಿದ್ದರು.

ಅಸ್ಪೃಶ್ಯತೆಯ ಪಾಪಕ್ಕೆ ದೇವರು ವಿಧಿಸಿದ ಶಿಕ್ಷೆಯೇ ಈ ಭೂಕಂಪವೆಂದು ಅವರು ತಿರುನೆಲ್ವೇಲಿಯಲ್ಲಿ ನುಡಿದದ್ದು ದೇಶದಲ್ಲಿ ಚರ್ಚೆಗೆ ಕಾರಣವಾಯಿತು. ರವೀಂದ್ರನಾಥ ಠಾಕೂರರು ಇದನ್ನು ಬಲವಾಗಿ ವಿರೋಧಿಸಿದರು. ಪ್ರಕೃತಿಯ ಕೋಪಕ್ಕೆ ಪ್ರಕೃತಿಯಲ್ಲೇ ಕಾರಣವಿದೆ, ಅದಕ್ಕೆ ನೀತಿಯ ನಂಟು ಹಚ್ಚಿದರೆ ಮೂಢನಂಬಿಕೆ ಬಲಿಯುತ್ತದೆ ಎಂಬುದು ಅವರ ಅಭಿಪ್ರಾಯ. ಗಾಂಧೀಜಿ ಆ ಆಕ್ಷೇಪವನ್ನು ತಮ್ಮ ಹರಿಜನ ಪತ್ರಿಕೆಯಲ್ಲೇ ಪ್ರಕಟಿಸಿ, ತಮ್ಮ ಉತ್ತರವನ್ನೂ ನೀಡಿದರು. ಇಬ್ಬರ ಸ್ನೇಹಕ್ಕೆ ಧಕ್ಕೆ ಬರಲಿಲ್ಲ. ಮಡಿದವರು ಪಾಪಿಗಳೆಂಬ ಅರ್ಥವನ್ನು ಯಾರೂ ಕಲ್ಪಿಸಿಕೊಳ್ಳಬಾರದು. ಬದುಕುಳಿದ ನಾವೆಲ್ಲರೂ ನಮ್ಮ ಅಂತರಂಗವನ್ನು ಶುದ್ಧಿಗೊಳಿಸಿಕೊಳ್ಳಬೇಕೆಂಬುದೇ ಗಾಂಧೀಜಿಯವರ ಹಂಬಲವಾಗಿತ್ತು. ಆದರೂ ವಿಪತ್ತಿಗೆ ಕಾರಣ ಹುಡುಕುವಾಗ ಠಾಕೂರರ ಎಚ್ಚರಿಕೆ ನಮಗೆ ಇಂದಿಗೂ ಅಗತ್ಯ.

ಕರ್ನಾಟಕದ ಪ್ರವಾಸ ಮುಗಿಸಿದ ಗಾಂಧೀಜಿ ಮಾರ್ಚ್ 11ರಂದು ಬಿಹಾರ ತಲುಪಿದರು. 1917ರಲ್ಲಿ ನೀಲಿ ಬೆಳೆಗಾರ ರೈತರ ಪರವಾಗಿ ಹೋರಾಡಿದ್ದ ಚಂಪಾರಣದ ನೆಲವೂ ಈಗ ಬಿರುಕುಬಿಟ್ಟಿತ್ತು. ಅವರು ಸಂತ್ರಸ್ತರನ್ನು ಸಂತೈಸಿದರು. ಸದಾ ಎದುರಿಸುತ್ತಿದ್ದ ಬ್ರಿಟಿಷ್ ಸರ್ಕಾರದೊಡನೆಯೂ ಪರಿಹಾರ ಕಾರ್ಯದಲ್ಲಿ ಸಹಕರಿಸುವಂತೆ ಕಾರ್ಯಕರ್ತರಿಗೆ ತಿಳಿಸಿದರು. ಶಕ್ತಿಯುಳ್ಳವರು ದುಡಿದೇ ನೆರವು ಪಡೆಯಬೇಕೆಂದೂ ಬೋಧಿಸಿದರು. ಕಾಯಕ ಮತ್ತು ದಾಸೋಹವನ್ನು ಬಲ್ಲ ಶರಣ ಪರಂಪರೆಗೆ ಈ ಮಾತು ಹೊಸದಲ್ಲ.

ಬಿಹಾರ ನಮ್ಮ ನಾಡಿನಿಂದ ಒಂದೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ದಯೆಗೆ ಆ ದೂರ ಲೆಕ್ಕಕ್ಕಿಲ್ಲ. ಎಲ್ಲಿಯೋ ನೆಲ ನಡುಗಿದಾಗ, ಹೊಳೆ ಉಕ್ಕಿದಾಗ, ನೊಂದವರ ಪಾಪಪುಣ್ಯಗಳನ್ನು ತೂಗದೆ ಒಂದು ಹಿಡಿ ಅಕ್ಕಿಯನ್ನಾದರೂ ಕಳುಹಿಸುವುದೇ ಭಕ್ತರಾದವರಿಗೆ ಭೂಷಣ.