ಆಲೂರು ವೆಂಕಟರಾಯರೂ ನಮ್ಮ ಮನೆಯ ಮಾತೂ

ನನ್ನ ತಾಯಿಯ ತವರು ಶಿರಹಟ್ಟಿ. ಅಲ್ಲಿಯ ನಮ್ಮ ಅಜ್ಜ, ತಾನು ಸಣ್ಣವನಿದ್ದಾಗ ಸಾಂಗಲಿಯ ಪ್ರಜೆಯಾಗಿದ್ದೆನೆಂದು ಈಗಲೂ ಹೇಳಿ ನಗುತ್ತಾನೆ. ಅದು ಬರಿಯ ವಿನೋದವಲ್ಲ. 1948ರ ವರೆಗೆ ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೂ, ನೆರೆಯ ಲಕ್ಷ್ಮೇಶ್ವರ ಮೀರಜ ಸಂಸ್ಥಾನಕ್ಕೂ ಸೇರಿದ್ದವು. ಗದಗ-ಬೆಟಗೇರಿಯೂ ಮುಂಡರಗಿಯೂ ಮುಂಬಯಿ ಸರಕಾರದವು. ಮುಂಡರಗಿಯ ಕಡೆಯಿಂದ ತುಂಗಭದ್ರೆಯನ್ನು ದಾಟಿದರೆ ಮದ್ರಾಸು; ಪೂರ್ವಕ್ಕೆ ಕೊಪ್ಪಳದತ್ತ ಹೊರಳಿದರೆ ನಿಜಾಮರ ಸೀಮೆ. ಕವಿರಾಜಮಾರ್ಗವು ತಿರುಳುಗನ್ನಡದ ನಾಡೆಂದು ಹೆಸರಿಸುವ ಊರುಗಳಲ್ಲಿ ಪುಲಿಗೆರೆಯೆಂದರೆ ಇದೇ ಲಕ್ಷ್ಮೇಶ್ವರ, ಕೊಪಣವೆಂದರೆ ಕೊಪ್ಪಳ. ಒಂದು ಮರಾಠಾ ಸಂಸ್ಥಾನಿಕರ ಕೈಯಲ್ಲಿ, ಇನ್ನೊಂದು ನಿಜಾಮರ ಕೈಯಲ್ಲಿ! ಇಂಥ ಸೀಮೆಯವನು ತಾನು ಯಾವ ನಾಡಿನವನೆಂದು ಹೇಳಿಕೊಳ್ಳಬೇಕು?

ಈ ಪ್ರಶ್ನೆಯನ್ನು ತಲೆಗೆ ಹಚ್ಚಿಕೊಂಡು ಆಯುಷ್ಯವನ್ನೇ ಸವೆಸಿದವರು ವೆಂಕಟರಾಯರು. ಅವರ ಆತ್ಮಕಥೆ ‘ನನ್ನ ಜೀವನ ಸ್ಮೃತಿಗಳು’ ಕಳೆದ ವರ್ಷ ನನ್ನ ಕೈಗೆ ಬಂದಿತು. ಅವರ ಮನೆತನದ ಮೂಲ ನಮ್ಮ ಜಿಲ್ಲೆಯ ರೋಣ ತಾಲೂಕಿನ ಹೊಳೆ ಆಲೂರು. ಹುಟ್ಟಿದ್ದು 1880ರಲ್ಲಿ, ವಿಜಾಪುರದಲ್ಲಿ. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ, ಕಾಯದೆಯ ಪರೀಕ್ಷೆ ಮುಗಿಸಿ, ಧಾರವಾಡದಲ್ಲಿ ವಕೀಲರಾದರು. ಪದವೀಧರರೇ ವಿರಳವಾಗಿದ್ದ ಆ ಕಾಲದಲ್ಲಿ ಮನೆಯವರಿಗೆ ಇದಕ್ಕಿಂತ ಹೆಚ್ಚಿನದು ಏನು ಬೇಕಾಗಿದ್ದೀತು?

ಆದರೆ 1905ರಲ್ಲಿ ಅವರು ಹಂಪಿಯನ್ನು ನೋಡಿದರು. ನಾವೂ ಸಹಲಿಗೆ ಹೋಗಿ ಹಂಪಿಯನ್ನು ನೋಡುತ್ತೇವೆ, ಛಾಯಾಚಿತ್ರ ತೆಗೆಯಿಸಿಕೊಂಡು ಬುತ್ತಿ ಬಿಚ್ಚುತ್ತೇವೆ. ಅವರು ಮಾತ್ರ ಆ ಹಾಳನ್ನು ಮನಸ್ಸಿನಲ್ಲಿಟ್ಟುಕೊಂಡು ಊರಿಗೆ ಮರಳಿದರು. ಶಾಸನಗಳನ್ನೂ ಇತಿಹಾಸವನ್ನೂ ವರ್ಷಗಟ್ಟಲೆ ಅಭ್ಯಸಿಸಿ 1917ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಪ್ರಕಟಿಸಿದರು. ಕರ್ನಾಟಕ ವಿದ್ಯಾವರ್ಧಕ ಸಂಘದ ‘ವಾಗ್ಭೂಷಣ’ವನ್ನು ನಡೆಸಿದರು, 1922ರಲ್ಲಿ ‘ಜಯಕರ್ನಾಟಕ’ವನ್ನು ಆರಂಭಿಸಿದರು. ವಕೀಲಿ ಹಿಂದೆ ಬಿದ್ದು, ಕೊನೆಗೆ ಬಿಟ್ಟೇ ಹೋಯಿತು. ಕನ್ನಡದ ಅಭಿಮಾನಕ್ಕಾಗಿ ಅವರು ಮರಾಠಿಯನ್ನು ದ್ವೇಷಿಸಲಿಲ್ಲ. ತಿಲಕರ ‘ಗೀತಾರಹಸ್ಯ’ವನ್ನು ಕನ್ನಡಕ್ಕೆ ತಂದವರು ಅವರೇ. ಈ ಗುಣ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಇನ್ನು ನನ್ನ ಸಂಗತಿ. ನಮ್ಮ ತಂದೆ ಬೆಟಗೇರಿಯಲ್ಲಿ ಮಗ್ಗ ನೇಯುತ್ತಾರೆ. ಬಿ.ಎ. ಮುಗಿದೊಡನೆ ನಾನು ಸೋದರಮಾವನ ಅರಿವೆ ಅಂಗಡಿಯಲ್ಲಿ ಕೂಡ್ರಬೇಕೆಂಬುದು ಅವರ ಇಚ್ಛೆ. ನನಗೆ ಧಾರವಾಡಕ್ಕೆ ಹೋಗಿ ಇತಿಹಾಸದಲ್ಲಿ ಎಂ.ಎ. ಮಾಡುವ ಹಂಬಲ. ನಿಜ ಹೇಳುವುದಾದರೆ, ತಂದೆಯೊಡನೆ ವಾದಿಸಲು ಆಧಾರ ಸಿಕ್ಕೀತೆಂದೇ ನಾನು ಆ ಪುಸ್ತಕವನ್ನು ಓದತೊಡಗಿದೆ. ಆಧಾರ ಸಿಕ್ಕಿತು, ಜೊತೆಗೆ ಅಳುಕೂ ಹುಟ್ಟಿತು. ವಕೀಲನೊಬ್ಬ ಕೋರ್ಟು ಬಿಟ್ಟು ಪತ್ರಿಕೆ ನಡೆಸಹೊರಟರೆ ಒಲೆಯ ಮುಂದೆ ಕೂತವರು ಏನೆಂದುಕೊಂಡಾರು? ತ್ಯಾಗ ಮಾಡಿದವರ ಹೆಸರು ಉಳಿಯುತ್ತದೆ. ಅದರ ಪಾಲು ಹೊತ್ತ ಮನೆಮಂದಿಯ ಹೆಸರನ್ನು ಯಾರೂ ಕೇಳುವುದಿಲ್ಲ. ನಮ್ಮ ಗದಗಿನವರೇ ಆದ ಹುಯಿಲಗೋಳ ನಾರಾಯಣರಾಯರ ನೆನಪೂ ಆಗ ಬಂದಿತು. ಅವರು ಇಲ್ಲಿ ವಕೀಲಿ ಮಾಡುತ್ತಲೇ ನಾಟಕಗಳನ್ನು ಬರೆದರು. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಹಾಡಿದ ನಾಡಗೀತವೂ ಅವರದೇ. ಹಾಗಾದರೆ ವೃತ್ತಿಯನ್ನು ಬಿಟ್ಟವರು ಮಾತ್ರ ನಾಡಸೇವಕರೆಂದು ನಾನೇಕೆ ತಿಳಿಯಬೇಕು?

ವೆಂಕಟರಾಯರಿಗೆ ಫಲ ಬೇಗ ಕಾಣಲಿಲ್ಲ. 1956ರ ನವೆಂಬರ 1ರಂದು ಕನ್ನಡ ಸೀಮೆಗಳು ಒಂದಾದಾಗ ಅವರಿಗೆ 76 ವರ್ಷ. ಹಂಪಿಗೆ ಹೋಗಿ ಭುವನೇಶ್ವರಿಯನ್ನು ಪೂಜಿಸಿದರು. ಅಂದು ರಾಜ್ಯದ ಹೆಸರು ಇನ್ನೂ ಮೈಸೂರು. ಕರ್ನಾಟಕವೆಂಬ ಹೆಸರು ಬಂದದ್ದು 1973ರಲ್ಲಿ. ಅವರು 1964ರಲ್ಲಿಯೇ ತೀರಿಕೊಂಡಿದ್ದರು.

ಮೊನ್ನೆ ರಾತ್ರಿ ಇದನ್ನೆಲ್ಲ ತಂದೆಯವರಿಗೆ ಹೇಳಿದೆ. ವಾದಕ್ಕಲ್ಲ, ಸುಮ್ಮನೆ ಕಥೆಯೆಂದು. ಅವರು ಕೆಲಸ ನಿಲ್ಲಿಸದೆ ಕೇಳಿದರು. ಹಂಪಿಯ ಪೂಜೆಯ ಮಾತು ಬಂದಾಗ ಲಾಳಿ ನಿಂತಿತು. ಆ ಮನುಷ್ಯನ ಹೆಂಡತಿ-ಮಕ್ಕಳು ಹೊಟ್ಟೆಗೆ ಏನು ಮಾಡಿದರು ಎಂದು ಕೇಳಿದರು. ನನಗೆ ಉತ್ತರ ತೋಚಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಧಾರವಾಡದಲ್ಲಿ ಊಟ ವಸತಿಗೆ ತಿಂಗಳಿಗೆ ಎಷ್ಟು ಬೀಳುತ್ತದೆಂದು ವಿಚಾರಿಸಿಕೊಂಡು ಬಾ ಎಂದರು. ರಜೆಯಲ್ಲಿ ಅಂಗಡಿಗೆ ಬರುತ್ತೇನೆಂದು ಮಾವನಿಗೆ ಹೇಳಿ ಕಳಿಸಿದ್ದೇನೆ.