ಕಪ್ಪು ಮುಗಿಲುಗಳ ಶೋಧಕ ಬಾರ್ನಾರ್ಡ್

ಆಕಾಶಗಂಗೆಯ ಬೆಳ್ಳನೆಯ ಹರಹಿನ ನಡುವೆ ಅಲ್ಲಲ್ಲಿ ಕಪ್ಪು ತಾಣಗಳು ಗೋಚರಿಸುತ್ತವೆ. ಹದಿನೆಂಟನೆಯ ಶತಮಾನದಲ್ಲಿ ವಿಲಿಯಂ ಹರ್ಷೆಲನು ಇಂಥವನ್ನು ನಕ್ಷತ್ರಗಳಿಲ್ಲದ ರಂಧ್ರಗಳೆಂದು ಭಾವಿಸಿದ್ದನು. ಅವು ಬರಿದಾದ ತಾಣಗಳಲ್ಲ, ಹಿಂದಿನ ಬೆಳಕನ್ನು ಮರೆಮಾಡಿ ನಿಂತ ಅನಿಲ ಮತ್ತು ಧೂಳಿನ ಮೇಘಗಳು ಎಂಬುದನ್ನು ಜಗತ್ತಿಗೆ ಮನಗಾಣಿಸಿದವರಲ್ಲಿ ಅಗ್ರಗಣ್ಯನು ಎಡ್ವರ್ಡ್ ಎಮರ್ಸನ್ ಬಾರ್ನಾರ್ಡ್.

ಈತನು 1857ರ ಡಿಸೆಂಬರ್ 16ರಂದು ಅಮೆರಿಕದ ನ್ಯಾಶ್‌ವಿಲ್ ನಗರದಲ್ಲಿ ಕಡುಬಡತನದಲ್ಲಿ ಜನಿಸಿದನು. ಮಗನ ಮುಖ ಕಾಣುವ ಮೊದಲೇ ತಂದೆ ತೀರಿಕೊಂಡಿದ್ದನು. ಶಾಲೆಯ ಮೆಟ್ಟಿಲು ಹತ್ತಿದ್ದು ಎರಡು ತಿಂಗಳು ಮಾತ್ರ, ಅಕ್ಷರಾಭ್ಯಾಸವೆಲ್ಲ ತಾಯಿಯಿಂದಲೇ. ಒಂಬತ್ತನೆಯ ವಯಸ್ಸಿನಲ್ಲಿ ಛಾಯಾಚಿತ್ರಶಾಲೆಯೊಂದನ್ನು ಸೇರಿದನು. ಬಿಸಿಲಿನಿಂದ ಚಿತ್ರಗಳನ್ನು ಹಿಗ್ಗಿಸುವ ಭಾರಿ ಯಂತ್ರವನ್ನು ಸೂರ್ಯನ ಗತಿಗೆ ಸರಿಯಾಗಿ ತಿರುಗಿಸುತ್ತ ನಿಲ್ಲುವುದೇ ಆ ಬಾಲಕನ ಉದ್ಯೋಗ. ಬೇರೆಯವರಿಗೆ ಬೇಸರ ತರಬಹುದಾದ ಈ ಕೆಲಸವೇ ಮುಂದೆ ರಾತ್ರಿಯಿಡೀ ದೂರದರ್ಶಕವನ್ನು ನಕ್ಷತ್ರದ ಮೇಲೆ ನಿಲ್ಲಿಸುವ ತಾಳ್ಮೆಯನ್ನು ಕಲಿಸಿತೆನ್ನಬಹುದು.

ವರ್ಷದ ಗಳಿಕೆಯ ಬಹುಭಾಗವನ್ನು ತೆತ್ತು ಐದು ಅಂಗುಲದ ದೂರದರ್ಶಕವನ್ನು ಕೊಂಡನು. 1877ರಲ್ಲಿ ಪ್ರಸಿದ್ಧ ವಿಜ್ಞಾನಿ ಸೈಮನ್ ನ್ಯೂಕೋಂಬನು ಗಣಿತದ ಅರಿವಿಲ್ಲದೆ ಈ ಶಾಸ್ತ್ರದಲ್ಲಿ ಹೆಚ್ಚೇನೂ ಸಾಧ್ಯವಿಲ್ಲವೆಂದು ತಿಳಿಸಿದಾಗ ತರುಣನು ಕಣ್ಣೀರಿಟ್ಟನು. ಬಳಿಕ ಗಣಿತ ಕಲಿಯತೊಡಗಿದನು. ಹೊಸ ಧೂಮಕೇತು ಕಂಡವರಿಗೆ ಶ್ರೀಮಂತನೊಬ್ಬನು ಕೊಡುತ್ತಿದ್ದ 200 ಡಾಲರುಗಳ ಬಹುಮಾನವನ್ನು ಹಲವು ಬಾರಿ ಗಳಿಸಿ ಮನೆ ಕಟ್ಟಿಸಿದನು. ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ವೇತನವೂ ದೊರೆಯಿತು. 1892ರಲ್ಲಿ ಲಿಕ್ ವೀಕ್ಷಣಾಲಯದಿಂದ ಗುರುಗ್ರಹದ ಐದನೆಯ ಚಂದ್ರನನ್ನು ಕಂಡು ಲೋಕವಿಖ್ಯಾತನಾದನು.

ಆದರೆ ಆತನ ಮನಸ್ಸು ನೆಟ್ಟದ್ದು ಆಕಾಶಗಂಗೆಯ ಛಾಯಾಚಿತ್ರಗಳಲ್ಲಿ. 1889ರಿಂದ ತೆಗೆದ ಚಿತ್ರಗಳಲ್ಲಿ ಕಪ್ಪು ತಾಣಗಳು ಸ್ಪಷ್ಟವಾಗಿ ಮೂಡಿದ್ದರೂ ಅವು ರಂಧ್ರಗಳೋ ಮೇಘಗಳೋ ಎಂದು ನಿರ್ಧರಿಸಲು ಆತನು ಅವಸರಪಡಲಿಲ್ಲ. ಎರಡು ದಶಕಗಳಿಗೂ ಮೀರಿ ಸಂದೇಹದಲ್ಲಿಯೇ ಉಳಿದನು. 1913ರ ಬೇಸಗೆಯ ಒಂದು ರಾತ್ರಿ ಧನುರಾಶಿಯ ಉಜ್ವಲ ತಾರಾರಾಶಿಯ ಮುಂದೆ ನಮ್ಮ ಭೂಮಿಯದೇ ಸಣ್ಣ ಮೋಡಗಳು ಮಸಿಯ ಹನಿಗಳಂತೆ ಕಾಣಿಸಿದವು. ಚಿತ್ರಗಳಲ್ಲಿದ್ದ ಕಪ್ಪಿಗೂ ಇದಕ್ಕೂ ಇದ್ದ ಸಾಮ್ಯವು ಆತನಿಗೆ ಮನದಟ್ಟಾಯಿತು. 1919ರಲ್ಲಿ 182 ಕಪ್ಪು ತಾಣಗಳ ಪಟ್ಟಿಯನ್ನು ಪ್ರಕಟಿಸಿದನು. ಆಗಲೂ ಎಲ್ಲವೂ ಮೇಘಗಳೇ ಎಂದು ಹಟ ಹಿಡಿಯಲಿಲ್ಲ.

ತನ್ನ ಚಿತ್ರಸಂಪುಟಕ್ಕಾಗಿ ಮೂವತ್ತೈದು ಸಾವಿರಕ್ಕೂ ಮಿಕ್ಕಿದ ಪ್ರತಿಗಳನ್ನು ತಾನೇ ಪರೀಕ್ಷಿಸಿದ ಬಾರ್ನಾರ್ಡನು ಅದರ ಪ್ರಕಟಣೆಯನ್ನು ಕಾಣದೆ 1923ರ ಫೆಬ್ರವರಿ 6ರಂದು ನಿಧನನಾದನು. ಎಡ್ವಿನ್ ಫ್ರಾಸ್ಟನೂ ಬಾರ್ನಾರ್ಡನ ಸಂಬಂಧಿ ಮೇರಿ ಕಾಲ್ವರ್ಟಳೂ 1927ರಲ್ಲಿ ಅದನ್ನು ಹೊರತಂದರು. ಮೂರು ವರ್ಷಗಳ ತರುವಾಯ ರಾಬರ್ಟ್ ಟ್ರಂಪ್ಲರನು ನಕ್ಷತ್ರಗಳ ನಡುವಿನ ಧೂಳು ಬೆಳಕನ್ನು ಹೀರುವುದನ್ನು ಅಳತೆಯಿಂದಲೇ ಸಿದ್ಧಪಡಿಸಿದನು. ಮಹಾವ್ಯಾಧ ನಕ್ಷತ್ರಪುಂಜದ ಕುದುರೆತಲೆಯಾಕಾರದ ಕಪ್ಪು ಮುಗಿಲು ಖಗೋಳಜ್ಞರ ಪಟ್ಟಿಗಳಲ್ಲಿ ಇಂದಿಗೂ ಬಾರ್ನಾರ್ಡ್ 33 ಎಂದೇ ನಮೂದಾಗಿದೆ.